ನಿನ್ನೆಯೇ ಬಂದುಬಿಟ್ಟ ಹೊಸ ಕರ್ನೆಲ್ ಅವರಿಗೆ

ಲ್ಯಾಪ್‌ಟಾಪಿನ ಒಳಗೆ ಕಣ್ಣಿಗೆ ಕಾಣದಂತೆ ಕೂತು, ಕೀಲಿಮಣೆಯಿಂದ ಪರದೆಯವರೆಗೆ ಎಲ್ಲವನ್ನೂ ನಡೆಸುವ ಮಾನ್ಯ ಕರ್ನೆಲ್ ಅವರೇ,

ಕಿಕ್ಕೇರಿ ಹೋಬಳಿಯ ಒಂದು ಸಣ್ಣ ಹಾಲಿನ ಡೇರಿಯಿಂದ ರವೀಂದ್ರ ಮಾಡುವ ನಮಸ್ಕಾರಗಳು. ಈಗ ಬೆಳಿಗ್ಗೆ ಒಂಬತ್ತೂಕಾಲು. ಕ್ಯಾನುಗಳು ಲಾರಿ ಹತ್ತಿವೆ, ನೆಲ ತೊಳೆದಾಗಿದೆ, ತಮಗೆ ಬರೆಯಲು ಬಿಡುವಾಗಿದೆ.

ಇಲ್ಲಿ ಹಾಲು ಪರೀಕ್ಷಿಸುತ್ತಿದ್ದವಳು ನನ್ನ ಹೆಂಡತಿ ಸುನಿತಾ. ಹಾಲಿನ ಕೊಬ್ಬು ಅಳೆಯುವ ಯಂತ್ರದ ವೈರು ಲ್ಯಾಪ್‌ಟಾಪಿನ ಪಕ್ಕಕ್ಕೆ ತೂರಿಸಿದ ಒಂದು ಹಳೆಯ ಕಾರ್ಡಿಗೆ ಸೇರುತ್ತದೆ. ಆ ಕಾರ್ಡಿನ ಮಾತು ತಮಗೆ ತಿಳಿಯಲು ಡ್ರೈವರ್ ಎಂಬುದು ಬೇಕು. ತಾವು ಹೊಸಬರಾದಾಗಲೆಲ್ಲ ಅದನ್ನೂ ಹೊಸದಾಗಿ ಕಟ್ಟಿಕೊಡಬೇಕು. ಆ ಕೆಲಸವನ್ನು ಅವಳು ಕಲಿತಿದ್ದಳು. ಬಿಡುವಿಲ್ಲದ ದಿನಗಳಿಗಾಗಿ ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ "ನಾಳೆ ಬಾ" ಎಂದು ಬರೆದಿಟ್ಟಿದ್ದಳು. ಹಿಂದೆ ದೆವ್ವ ಬರದಿರಲೆಂದು ಬಾಗಿಲ ಮೇಲೆ ಬರೆಯುತ್ತಿದ್ದರಲ್ಲ, ಅದೇ. ಅಪ್‌ಡೇಟ್ ಮಾಡಲೇ ಎಂದು ತಾವು ಕೇಳಿದಾಗ ಅವಳು "ನಾಳೆ" ಒತ್ತುತ್ತಿದ್ದಳು. ತಾವೂ ಮರ್ಯಾದೆಯಿಂದ ಹಿಂದಿರುಗುತ್ತಿದ್ದಿರಿ.

ಅವಳ ತಿಥಿಗೆಂದು ಮನೆ ತೊಳೆದಾಗ ಆ ಮುಚ್ಚಳವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದವನು ನಾನೇ. ನಿನ್ನೆ ತಾವು ಬಂದು ಕೇಳಿದಿರಿ. ಬಾಗಿಲಿಗೆ ಬಂದು ಅಷ್ಟು ವಿನಯದಿಂದ ಕೇಳಿದವರಿಗೆ ಬೇಡ ಅನ್ನಲಾಗದೆ "ಸರಿ" ಒತ್ತಿದೆ. ಎಲ್ಲವೂ ಸುಧಾರಿಸಿದೆ ಎಂದು ತಾವು ಪರದೆಯ ಮೇಲೆ ತಿಳಿಸಿದಿರಿ. ಕಾರ್ಡು ಮಾತ್ರ ತಮಗೆ ಕಾಣದಾಯಿತು. ತಮ್ಮ ಸುಧಾರಣೆಯನ್ನು ಸಾಲಿನಲ್ಲಿ ನಿಂತ ನಲವತ್ತು ಜನಕ್ಕೆ ವಿವರಿಸುವ ಭಾಗ್ಯ ನನ್ನದಾಯಿತು.

"ಏನ್ಲಾ ರವೀಂದ್ರ, ನಮ್ಮೆಮ್ಮೆ ಹಾಲು ಕಂಡೇಟ್ಗೆ ನಿನ್ ಮಿಷನ್ನು ಮಾತೇ ಬುಟ್ಬುಡ್ತಲ್ಲಾ" ಎಂದರು ಹಿರಿಯರಾದ ದ್ಯಾವಯ್ಯ. ಎಲ್ಲರೂ ನಕ್ಕರು. "ಸುನಿತವ್ವ ಇದ್ದಾಗ ಇಂಗಾಯ್ತಿರ್ನಿಲ್ಲ ಕಣ್ಲಾ" ಎಂದೂ ಅಂದು, ಆಮೇಲೆ ತಮ್ಮ ಕ್ಯಾನಿನ ಮುಚ್ಚಳವನ್ನೇ ನೋಡುತ್ತ ನಿಂತರು.

ಸುನಿತಾಳ ಅಣ್ಣನ ಮಗಳು ದಿವ್ಯ ಕೆ.ಆರ್.ಪೇಟೆಯಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಅವಳು ಫೋನಿನಲ್ಲಿ, "ಮಾವ, ಆನ್ ಮಾಡ್ದಾಗ ಕರ್ನೆಲ್‌ಗಳ ಪಟ್ಟಿ ಬತ್ತದೆ. ಮೇಲಿಂದು ಒತ್ಬೇಡಿ, ಕೆಳಗಿನ್ ಹಳೇದು ಒತ್ತಿ. ಅತ್ತೆ ಕಟ್ಟಿದ್ ಡ್ರೈವರ್ ಅದ್ರಲ್ಲೇ ಅದೆ" ಎಂದಳು. ಇವತ್ತು ಹಾಗೇ ಮಾಡಿದೆ. ಕಾರ್ಡು ಸಿಕ್ಕಿದ ಕೂಡಲೇ ಪರದೆಯ ಮೇಲೆ, ಸುನಿತಾ ತನ್ನ ಡ್ರೈವರಿನಲ್ಲಿ ಎಂದೋ ಸೇರಿಸಿಟ್ಟ ಸಾಲು ಮೂಡಿತು: "ಬಂದೆ, ಹಾಲು ತನ್ನಿ."

ಆದರೆ ಹಿಂದಿನ ಒಬ್ಬರನ್ನಷ್ಟೇ ಉಳಿಸಿಕೊಂಡು ಅವರಿಗಿಂತ ಹಳಬರನ್ನು ಅಳಿಸಿಹಾಕುವುದು ತಮ್ಮ ಮನೆತನದ ಪದ್ಧತಿಯಂತೆ. ಇನ್ನೊಂದು ಅಪ್‌ಡೇಟ್ ಆದರೆ ಆ ಹಳಬರೂ ಹೋಗುತ್ತಾರೆ, ಅವರೊಂದಿಗೆ ಆ ಸಾಲೂ. ಭಾನುವಾರ ಬಂದು ಹೊಸಬರಿಗೂ ಡ್ರೈವರ್ ಕಟ್ಟಿಕೊಡುತ್ತೇನೆಂದು ದಿವ್ಯ ಹೇಳಿದ್ದಾಳೆ. ಒಳ್ಳೆಯದೇ. ಅದು ದಿವ್ಯಳ ಕೆಲಸವಾಗುತ್ತದೆ.

ಆದ್ದರಿಂದ ತಾವು ಇನ್ನು ಸುಧಾರಿಸುವುದನ್ನು ನಿಲ್ಲಿಸಿ, ಈಗಿರುವಷ್ಟೇ ಒಳ್ಳೆಯವರಾಗಿ ಉಳಿಯಬೇಕೆಂದು ಕೋರುತ್ತೇನೆ. ಅದು ಆಗದ ಮಾತಾದರೆ, ಆ ಹಳಬರಿಗೆ ಮನೆಯಲ್ಲೊಂದು ಮೂಲೆಯನ್ನಾದರೂ ಬಿಟ್ಟುಕೊಡಬೇಕು. ಅವರು ಹೆಚ್ಚು ಜಾಗ ಕೇಳುವವರಲ್ಲ.

ತಮ್ಮ ವಿಶ್ವಾಸಿ, ಪಟ್ಟಿಯ ಕೆಳಗಿನ ಸಾಲನ್ನೇ ನೆಚ್ಚಿಕೊಂಡಿರುವ
ರವೀಂದ್ರ

ತಾ. ಕ.: ಮುಚ್ಚಳದ ಮೇಲೆ ಮತ್ತೆ ಬರೆದಿದ್ದೇನೆ. ಸುನಿತಾ ಬರೆದಿದ್ದು "ಬಾ" ಎಂದು; ತಮ್ಮ ದೊಡ್ಡತನ ನೋಡಿ ನಾನು "ನಾಳೆ ಬನ್ನಿ" ಎಂದಿದ್ದೇನೆ. ದೆವ್ವಕ್ಕಿದ್ದಷ್ಟು ಓದು ತಮಗೂ ಇದ್ದೀತೆಂದು ನಂಬಿದ್ದೇನೆ. ನಾಳೆ ಬೆಳಿಗ್ಗೆ ಐದೂವರೆಗೆ ಹಾಲು ಬರುತ್ತದೆ.