ಬಡಿಸಣ್ಣನ ಉಪಚಾರ

"ಅಕ್ಕಾ, ಇನ್ಮೇಲೆ ಬಡಿಸೋರು ಸಿಗಲಿಲ್ಲ ಅನ್ನೋ ಗೋಳೇ ಇಲ್ಲ," ಎಂದು ಫಣೀಂದ್ರ ತಿಪಟೂರಿನ ಛತ್ರದ ಊಟದ ಮನೆಯಲ್ಲಿ ನಿಂತು ಗುಂಡಿ ಒತ್ತಿದ. ಆರು ಕೈಗಳ ಯಂತ್ರವೊಂದು ಖಾಲಿ ಎಲೆಗಳ ಮುಂದೆ ಸರಸರನೆ ಓಡಿ, ಉಪ್ಪಿನಿಂದ ಮಜ್ಜಿಗೆಯವರೆಗೆ ಎಲ್ಲವನ್ನೂ ಬಡಿಸಿ, ವಾಪಸು ಬಂದು ಕೈಮುಗಿಯಿತು. ಅದಕ್ಕವನು ಬಡಿಸಣ್ಣ ಎಂದು ಹೆಸರಿಟ್ಟಿದ್ದ. ಹೇಳಿದ್ದನ್ನು ಕೇಳಿ ಕಲಿಯುವ ಮಿದುಳು ಬೇರೆ ಅದಕ್ಕಿತ್ತು.

ಗಿರಿಜಾಂಬೆಗೆ ತಮ್ಮನ ಯಂತ್ರಗಳ ಮೇಲೆ ನಂಬಿಕೆ ಅಷ್ಟಕ್ಕಷ್ಟೆ. ಹಿಂದೊಮ್ಮೆ ಅವನ ರೊಟ್ಟಿ ಯಂತ್ರ ಆಕೆಯ ರೇಷ್ಮೆ ಸೀರೆಯನ್ನೂ ಲಟ್ಟಿಸಿತ್ತು. ಆದರೆ ಇಂದು ಮಗಳು ಮೇದಿನಿಯ ಮದುವೆ, ಬಡಿಸುವವರು ಕೈಕೊಟ್ಟಿದ್ದಾರೆ, ಬೀಗರು ಉಂಡು ರಾಹುಕಾಲಕ್ಕೆ ಮುಂಚೆ ಹೊರಡಬೇಕು. ಅರೆಹೊಟ್ಟೆಯಲ್ಲಿ ಕಳಿಸಿದರೆ ಆ ಮಾತನ್ನು ಮೇದಿನಿ ಜೀವಮಾನವೆಲ್ಲ ಕೇಳಬೇಕು. ಹಾಗಾಗಿ ಫಣೀಂದ್ರ ಪಂಚೆ ಉಡಲು ಹೋದಾಗ ಆಕೆ ಯಂತ್ರದ ಹತ್ತಿರ ಬಾಗಿದಳು.

"ನೋಡಪ್ಪ, ಬೀಗರು ಬೇಡ ಅಂತಾರೆ. ಅದು ಸಂಕೋಚಕ್ಕೆ. ನೀನು ಬಿಡಬೇಡ, ಒತ್ತಾಯ ಮಾಡಿ ಬಡಿಸು."

"ಆಗಲಿ ತಾಯಿ," ಎಂದಿತು ಬಡಿಸಣ್ಣ.

ಪಂಕ್ತಿ ಕೂತಿತು. ಉಪ್ಪು, ಪಲ್ಯ, ಕೋಸಂಬರಿ ಗಾಳಿಯಂತೆ ಬಿದ್ದವು. ಪಾಯಸದ ಸರದಿ ಬಂದಿದ್ದೇ ತಡ, ಯಂತ್ರ ನಿಂತೇ ಬಿಟ್ಟಿತು! ಅಡುಗೆ ಮನೆಯಲ್ಲಿ ಅನ್ನ ಆರುತ್ತಿತ್ತು. ಗಿರಿಜಾಂಬೆ ಗಡಿಯಾರ ನೋಡಿದಳು, ಬಾಗಿಲು ನೋಡಿದಳು, ಮತ್ತೆ ಗಡಿಯಾರ ನೋಡಿದಳು.

ಫಣೀಂದ್ರ ಉಗ್ರಾಣದಲ್ಲಿಟ್ಟಿದ್ದ ಮಿದುಳಿನ ಪೆಟ್ಟಿಗೆಗೆ ಓಡಿದ. "ವೈರು ಸಡಿಲ ಆಗಿರ್ಬೇಕು." ಆಗಿರಲಿಲ್ಲ. "ಬಿಸಿ ಆಗಿದೆ," ಎಂದು ಒದ್ದೆ ಟವೆಲ್ಲು ಹೊದಿಸಿದ. ಪ್ರಯೋಜನವಾಗಲಿಲ್ಲ. ಕೊನೆಗೆ ಆರಿಸಿ ಮತ್ತೆ ಹಾಕಿದ. ಬಡಿಸಣ್ಣ ಶಿಸ್ತಾಗಿ ಮೊದಲಿನಿಂದ ಶುರುಮಾಡಿ ಎಲ್ಲರಿಗೂ ಮತ್ತೆ ಉಪ್ಪು ಬಡಿಸಿತು. ಪಾಯಸಕ್ಕೆ ಬಂದು ಮತ್ತೆ ನಿಂತಿತು. ಅವನು ಮತ್ತೆ ಆರಿಸಿ ಹಾಕಿದ. ಮತ್ತೆ ಉಪ್ಪು!

"ನಿಮ್ಮ ಕಡೆ ಉಪ್ಪೇ ಊಟವೇನ್ರೀ?" ಎಂದರು ವರನ ತಾಯಿ ಪದ್ಮಿನಮ್ಮ. ನಗು ಹಲ್ಲಿನಲ್ಲಷ್ಟೇ ಇತ್ತು.

ಫಣೀಂದ್ರ ತಲೆ ಕೆರೆದುಕೊಂಡ. "ಬೆಳಿಗ್ಗೆ ಓಡ್ತಿತ್ತು, ಈಗ ನಿಂತ್ಬಿಡ್ತಿದೆ. ನಡುವೆ ಏನೋ ಬದಲಾಗಿದೆ ಅಕ್ಕ. ಯಾರಾದ್ರೂ ಮುಟ್ಟಿದ್ರಾ?"

"ಯಾರೂ ಮುಟ್ಟಿಲ್ಲ," ಎಂದಳು ಗಿರಿಜಾಂಬೆ. ಅದೇನೋ ನಿಜವೇ, ಆಕೆ ಮುಟ್ಟಿರಲಿಲ್ಲ. ಆದರೂ ಪಂಕ್ತಿಯ ತುದಿಗೆ ಹೋಗಿ ಕಿವಿಗೊಟ್ಟಳು. ಅಲ್ಲಿ ಮೊದಲ ಎಲೆಗೆ ಕೂತವರು ವರನ ತಾತ ಅಚ್ಯುತರಾಯರು.

"ಒಂದೇ ಒಂದು ಸೌಟು ಪಾಯಸ, ರಾಯರೇ," ಎನ್ನುತ್ತಿತ್ತು ಬಡಿಸಣ್ಣ.

"ಬೇಡಪ್ಪ, ಸಕ್ಕರೆ ಕಾಯಿಲೆ."

"ಸಂಕೋಚ ಮಾಡ್ಕೋಬೇಡಿ."

"ಬೇಡ ಅಂದ್ನಲ್ಲ."

"ನನ್ನಾಣೆ, ಒಂದೇ ಸೌಟು."

ಹಿರಿಯರನ್ನು ದಾಟಿ ಮುಂದಿನ ಎಲೆಗೆ ಹೋಗುವುದುಂಟೇ? ಇಡೀ ಪಂಕ್ತಿ ಆ ಒಂದು ಸೌಟಿಗಾಗಿ ಕಾದಿತ್ತು.

ವಿಷಯ ತಿಳಿದ ಫಣೀಂದ್ರ ಹಣೆ ಚಚ್ಚಿಕೊಂಡ. "ನಾನು ವೈರು ಹುಡುಕ್ತಾ ಕೂತಿದ್ನಲ್ಲೇ ಅಕ್ಕಾ! ಲೋ ಬಡಿಸಣ್ಣ, ಬೇಡ ಅಂದ್ರೆ ಬೇಡ, ಸಾಕು ಅಂದ್ರೆ ಸಾಕು. ಎರಡನೇ ಸಲ ಕೇಳ್ಬೇಡ."

ಯಂತ್ರ ಹಾರಿತು. ಆದರೆ ಬೀಗರೆಂದರೆ ಬೀಗರೇ. ಸೌಟು ಕಂಡ ಕೂಡಲೇ ಎಲೆಗೆ ಕೈ ಅಡ್ಡ ಹಿಡಿದು 'ಸಾಕು ಸಾಕು' ಅನ್ನದಿದ್ದರೆ ಮರ್ಯಾದೆಯೇ? ಹಾಗೆ ಅಂದವರ ಅನ್ನ ಹೋಯಿತು, ಸಾರು ಹೋಯಿತು. ಪದ್ಮಿನಮ್ಮ "ಅಯ್ಯೋ, ಸಾಕು" ಎಂದು ರಾಗ ಎಳೆಯುವಷ್ಟರಲ್ಲಿ ಹೋಳಿಗೆ ಅಡುಗೆ ಮನೆ ಸೇರಿತ್ತು. "ಎಲ್ಲರಿಗೂ ತೃಪ್ತಿಯಾಯಿತು," ಎಂದು ಸಾರಿ, ಬಡಿಸಣ್ಣ ಉಪ್ಪಿನ ಗುಡ್ಡೆಯ ಸಮೇತ ಎಲೆಗಳನ್ನು ಎತ್ತಿ, ಎಲ್ಲರ ಕೈಗೂ ತಾಂಬೂಲ ತುರುಕಿತು!

ಗಿರಿಜಾಂಬೆಗೆ ಕಣ್ಣು ತುಂಬಿ ಬಂತು. ಪಾಯಸದ ಪಾತ್ರೆ ಹಿಡಿದು ರಾಯರ ಮುಂದೆ ನಿಂತಳು. "ತಪ್ಪಾಯ್ತು ರಾಯರೇ. ಒತ್ತಾಯ ಮಾಡು ಅಂತ ಅದಕ್ಕೆ ಹೇಳಿದ್ದು ನಾನೇ."

ರಾಯರು ಸೊಸೆ ಪದ್ಮಿನಮ್ಮ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ತಾಂಬೂಲ ಕೆಳಗಿಟ್ಟರು.

"ಬೇರೆ ಎಲೆ ಹಾಕ್ಸಮ್ಮ, ರಾಹುಕಾಲ ಕಳೆದ್ಮೇಲೇ ಹೊರಡೋಣ. ಅದು ಇನ್ನೊಂದೇ ಒಂದು ಸಲ ಕೇಳಿದ್ದಿದ್ರೆ, ನಾನು ಹೂಂ ಅನ್ನೋನಿದ್ದೆ."