ಪತ್ರೊಡೆಯ ವಿರುದ್ಧ ನಾನು ಮಾಡಿದ ಭಾಷಣ

ಭಾಷಣಕ್ಕೆ ನನ್ನನ್ನು ಕರೆದದ್ದು ವಿಷಯ ಗೊತ್ತಿದೆ ಎಂದಲ್ಲ, ಕಲ್ಲು ಇತ್ತು ಎಂದು. ಎರಡು ವರ್ಷದ ಹಿಂದೆ ನನ್ನ ಕಿಡ್ನಿಯಿಂದ ಕಲ್ಲು ಹೊರಬಂದ ಸುದ್ದಿ ವೇಣೂರಿನಿಂದ ಮೂಡುಬಿದಿರೆಯವರೆಗೆ ಎಲ್ಲ ಬಸ್ಸುಗಳಲ್ಲೂ ಟಿಕೆಟಿಲ್ಲದೆ ಪ್ರಯಾಣ ಮಾಡಿತ್ತು. ಹಾಗಾಗಿ ನಮ್ಮೂರ ಮಹಿಳಾ ಮಂಡಳಿಯವರು ಮಳೆಗಾಲದ ಆಟಿ ತಿಂಗಳ ಊಟದ ಕೂಟದಲ್ಲಿ "ಆಹಾರ ಮತ್ತು ಕಿಡ್ನಿ ಕಲ್ಲು" ಎಂಬ ವಿಷಯದ ಮೇಲೆ ಮಾತಾಡಲು ಕರೆದರು. ಕೂಡಲೇ ಒಪ್ಪಿದೆ. ಸಮಾಜಸೇವೆಗಲ್ಲ. ಪತ್ರೊಡೆಗೆ!

ಕೆಸುವಿನ ಎಲೆಗೆ ಅಕ್ಕಿ-ಮಸಾಲೆಯ ಹಿಟ್ಟು ಬಳಿದು, ಸುತ್ತಿ, ಹಬೆಯಲ್ಲಿ ಬೇಯಿಸಿದ ಆ ಪತ್ರೊಡೆ ತಿನ್ನದೆ ನನಗೆ ಎರಡು ಆಟಿ ಕಳೆದಿತ್ತು. ಡಾಕ್ಟರು ಹೇಳಿದ್ದು ಇಷ್ಟೇ: "ನೀರು ಜಾಸ್ತಿ ಕುಡಿಯಿರಿ. ಉಪ್ಪು, ಪಾಲಕ್, ಕೆಸು ಕಡಿಮೆ ಮಾಡಿ." ನನ್ನ ಹೆಂಡತಿ ಸುಮತಿ ಮನೆ ತಲುಪುವಷ್ಟರಲ್ಲಿ ಆ "ಕಡಿಮೆ"ಯನ್ನು "ಬೇಡವೇ ಬೇಡ" ಮಾಡಿದಳು. ಹಿತ್ತಲ ಕೆಸುವನ್ನೂ ಕಿತ್ತಳು. ಪಕ್ಕದ ಮನೆಯಲ್ಲಿ ಪತ್ರೊಡೆ ಬೇಯುವಾಗ ನಾನು ಕಿಟಕಿಯ ಹತ್ತಿರ ನಿಂತು ಉಸಿರೆಳೆಯುತ್ತಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದೆರಡು ಸಲ ಕಣ್ಣಲ್ಲಿ ನೀರೂ ಬಂದಿತ್ತು.

ಹೊರಡುವಾಗ ಸುಮತಿಗೆ ಹೇಳಿದೆ, "ಅತಿಥಿಗೆ ಬಡಿಸಿದ್ದನ್ನು ಬೇಡ ಅನ್ಲಿಕ್ಕೆ ಆಗ್ತದಾ?"

"ನೀವು ಜಾಸ್ತಿ ಮಾತಾಡ್ಬೇಡಿ ಮಾರಾಯ್ರೆ. ಬೇಗ ಮುಗಿಸಿ ಊಟಕ್ಕೆ ಕೂತ್ಕೊಳ್ಳಿ" ಎಂದಳು.

ನೀರಿನ ಮಹಿಮೆಯನ್ನು ಐದು ನಿಮಿಷ ಹೇಳಿ ಇಳಿಯುವುದೆಂದೇ ಇದ್ದೆ. ಆದರೆ ಮುಂದಿನ ಸಾಲಿನವರು ತಲೆಯಾಡಿಸಿದರು. ನನ್ನಂಥ ಶಾಲೆ ಮೇಷ್ಟರ ಬಾಯಿಗೆ ಅಷ್ಟು ಸಾಕು! ನೋವು ಬಂದ ದಿನ ಹೇಗೆ ಹೊರಳಾಡಿದೆ ಎಂಬುದನ್ನು ವೇದಿಕೆಯಲ್ಲೇ ಅಭಿನಯಿಸಿದೆ. ಚಪ್ಪಾಳೆ ಬಿತ್ತು. ಆ ಅಮಲಿನಲ್ಲಿ ಮೇಜು ಗುದ್ದಿ, "ತಾಯಂದಿರೇ, ಕಲ್ಲಿನ ತೊಂದರೆ ಇದ್ದವನಿಗೆ ಪತ್ರೊಡೆ ಬಡಿಸುವವರು ಅವನ ಶತ್ರುಗಳು!" ಎಂದೆ. ಇನ್ನೂ ಜೋರು ಚಪ್ಪಾಳೆ.

ಊಟಕ್ಕೆ ಕುಳಿತೆವು. ಪತ್ರೊಡೆಯ ಪಾತ್ರೆ ಪಂಕ್ತಿಯ ತುದಿಯಿಂದ ಹೊರಟಿತು. ನಾನು ಎಲೆಯಲ್ಲಿ ಅನ್ನವನ್ನು ಬದಿಗೆ ಸರಿಸಿ ಜಾಗ ಮಾಡಿದೆ. ಮಂಡಳಿಯ ಅಧ್ಯಕ್ಷೆ ಗಿರಿಜಕ್ಕ ಬಗ್ಗಿದರು, ನನ್ನ ಮುಖ ನೋಡಿದರು, ಹಾಗೇ ಮುಂದೆ ಹೋದರು.

"ಗಿರಿಜಕ್ಕ, ಒಂದು ಚೂರು..."

"ನಮ್ಮನ್ನು ಪರೀಕ್ಷೆ ಮಾಡ್ತೀರಾ ಮಾಸ್ಟ್ರೇ?" ಅವರು ನಕ್ಕರು. "ಬೆಳಿಗ್ಗೆ ಸುಮತಿ ಫೋನ್ ಮಾಡಿದ್ಳು. ಪಾಪ, ಇವರಿಗೆ ಎರಡು ತುಂಡು ಹಾಕಿ, ಡಾಕ್ಟ್ರ ಹತ್ರ ಕೇಳಿದ್ದೇನೆ ಅಂತ. ತೆಗೆದಿಟ್ಟದ್ದೂ ಉಂಟು. ಆದ್ರೆ ನಿಮ್ಮ ಭಾಷಣ ಕೇಳಿದ ಮೇಲೆ ಯಾರಿಗೂ ಧೈರ್ಯ ಬರ್ಲಿಲ್ಲ."

"ಅದು ಭಾಷಣಕ್ಕೆ ಹೇಳಿದ್ದು ಮಾರಾಯ್ರೆ!" ಎಂದೆ. ಇಡೀ ಪಂಕ್ತಿ ನಕ್ಕಿತು. ಒಳ್ಳೆಯ ಹಾಸ್ಯಗಾರ ಎಂಬ ಹೆಸರೂ ಬಂತು.

"ಹಾಳು ಮಾಡ್ಬಾರ್ದು" ಎಂದು ಪಕ್ಕದಲ್ಲಿದ್ದ ಅಜ್ಜಿ ನನ್ನ ಪಾಲಿನ ಎರಡೂ ತುಂಡು ತಮ್ಮ ಎಲೆಗೆ ಹಾಕಿಸಿಕೊಂಡರು. ಮೇಲೆ ತೆಂಗಿನೆಣ್ಣೆ ಬಿಟ್ಟುಕೊಂಡು, ಒಂದನ್ನು ನಿಧಾನವಾಗಿ ಜಗಿದು ನುಂಗಿ, "ಭಾಷಣ ಭಾರೀ ಲಾಯ್ಕಾಯ್ತು ಮಾಸ್ಟ್ರೇ" ಎಂದರು.

ನಾನು ಧನ್ಯವಾದ ಹೇಳಿದೆ. ನೋಡುತ್ತಿದ್ದದ್ದು ಮಾತ್ರ ಎರಡನೆಯ ತುಂಡನ್ನು!