ಸಂಗಮೇಶ್ ಮೇಷ್ಟ್ರ ಪರಗ್ರಹ ವಾಸ

ಶಿಕಾರಿಪುರದ ವಿಜ್ಞಾನದ ಮೇಷ್ಟ್ರು ಸಂಗಮೇಶ್ ಸಿನಿಮಾ ನೋಡಲು ಕೂತರೆಂದರೆ ಮುಗಿಯಿತು, ಉತ್ತರಪತ್ರಿಕೆ ತಿದ್ದಲು ಕೂತ ಹಾಗೆಯೇ! ಬೇಸಿಗೆ ರಜೆಯ ಆ ಭಾನುವಾರ ಟಿ.ವಿ.ಯಲ್ಲಿ, ಪರಗ್ರಹದಲ್ಲಿ ಒಬ್ಬನೇ ಸಿಕ್ಕಿಬಿದ್ದವನ ಕಥೆ.

“ಅಲ್ಲಿ ಗಾಳೀನ ಇಲ್ಲ, ಸ್ಫೋಟದ ಸದ್ದು ಹ್ಯಾಂಗ ಕೇಳ್ತತಿ? ತಪ್ಪು! ಬೆಂಕಿ ಹ್ಯಾಂಗ ಉರೀತತಿ? ಶುದ್ಧ ತಪ್ಪು!”

ಹೆಂಡತಿ ಗಂಗಾಶ್ರೀ ಹಲ್ಲು ಕಚ್ಚಿ ಸಹಿಸಿದಳು. ಕೊನೆಗೆ ನಾಯಕ, ಭೂಮಿಯಲ್ಲಿರುವ ಹೆಂಡತಿಗೂ ಒಂದು ತಟ್ಟೆ ಇಟ್ಟು ಊಟಕ್ಕೆ ಕೂತ. ಗಂಗಾಶ್ರೀ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ತಿನ್ನೋನು ಒಬ್ಬ, ತಟ್ಟಿ ಎರಡು! ಅವೈಜ್ಞಾನಿಕ!” ಎಂದರು ಮೇಷ್ಟ್ರು.

“ನೀವೂ ಒಂದು ವಾರ ಒಬ್ರೇ ಇದ್ದು ನೋಡಿ, ಆಮೇಲೆ ವಿಜ್ಞಾನ ಹೇಳಿ” ಎಂದವಳು ಬೆಳಗಾಗುತ್ತಲೇ ತವರೂರು ಜಡೆಗೆ ಹೊರಟೇಬಿಟ್ಟಳು.

“ವಾರ ಏನು, ವರ್ಷ ಇರ್ತೀನಿ! ಅವ್ನಿಗೆ ಗಾಳಿ ಇಲ್ಲ, ನೀರಿಲ್ಲ. ನನಗ ನಲ್ಲಿ ಐತಿ, ಸ್ಟೌ ಐತಿ!” ಎಂದು ಮೇಷ್ಟ್ರು ಬಸ್ಸಿನ ಕಿಟಕಿಗೇ ಸವಾಲು ಹಾಕಿದರು.

ಬಸ್ಸು ಹೋಯಿತು. ಮನೆಗೆ ಬಂದು ದಿನಪತ್ರಿಕೆ ಬಿಡಿಸಿದರು. ಅದರಲ್ಲೊಂದು ತಪ್ಪು ಕಂಡು ಜೋರಾಗಿ ಓದಿದರು. “ಸಾಕು ಸುಮ್ನಿರಿ” ಎನ್ನುವವರು ಯಾರೂ ಇರಲಿಲ್ಲ. ಮನೆ ಬಿಕೋ ಎನ್ನುತ್ತಿತ್ತು. ಯಾರೂ ಬೈಯದಿದ್ದರೆ ತಪ್ಪು ಹಿಡಿಯುವುದರಲ್ಲೂ ರುಚಿಯಿಲ್ಲ ಎಂದು ಮೇಷ್ಟ್ರಿಗೆ ಅಂದೇ ತಿಳಿದದ್ದು.

ಇರಲಿ! ವಾರದ ಬೇಳೆಯನ್ನೆಲ್ಲ ಒಂದೇ ಸಲ ಬೇಯಿಸಿಟ್ಟರೆ ಸೀಮೆಎಣ್ಣೆ ಉಳಿತಾಯ. ಅಪ್ಪಟ ವೈಜ್ಞಾನಿಕ ಯೋಜನೆ! ಅನ್ನ ಇಳಿಸಿ, ಕಂಠದವರೆಗೆ ತೊಗರಿಬೇಳೆ ತುಂಬಿದ ಕುಕ್ಕರ್ ಏರಿಸಿದರು. ತಟ್ಟೆ ಹಾಕಿದರು. ನೋಡುತ್ತಾರೆ, ಎರಡು! ಎರಡನೆಯದನ್ನು ಎತ್ತಿಡಲು ಕೈಚಾಚಿದರು. ಯಾಕೋ ಮನಸ್ಸು ಬರಲಿಲ್ಲ.

ಎಷ್ಟು ಹೊತ್ತಾದರೂ ಸೀಟಿಯ ಸುಳಿವಿಲ್ಲ. “ಗಂಗಾ, ಸೀಟಿ ಯಾಕ ಬರವಲ್ದು?” ಎಂದು ಅಭ್ಯಾಸಬಲದಿಂದ ಕೂಗಿದರು. ಕುಕ್ಕರೇ ಉತ್ತರ ಕೊಟ್ಟಿತು. ಢಮಾರ್! ಸೇಫ್ಟಿ ವಾಲ್ವ್ ಕಿತ್ತುಕೊಂಡು, ಬೇಳೆಯೆಲ್ಲ ಚಾವಣಿಗೆ ಹಾರಿ ಮೆತ್ತಿಕೊಂಡಿತು.

ಗಾಳಿ ಇರುವ ಊರಲ್ಲವೇ, ಸದ್ದು ಬೀದಿಗೆಲ್ಲ ಕೇಳಿತು! ಪಕ್ಕದ ಮನೆಯ ಲೋಕಮ್ಮ ಓಡಿಬಂದು ನೋಡಿ, ಸೊರಬದ ಬಸ್ಸಿನ ಕಂಡಕ್ಟರ್ ಮೂಲಕ ಜಡೆಗೆ ಸುದ್ದಿ ಮುಟ್ಟಿಸಿದರು. ಕುಕ್ಕರ್ ಹಾರಿದ ಸುದ್ದಿ ಸೊರಬ ದಾಟುವಷ್ಟರಲ್ಲಿ, ಜನರ ಬಾಯಲ್ಲಿ ಮೇಷ್ಟ್ರೇ ಹಾರಿಹೋಗಿದ್ದರು!

ಸಂಜೆ ಬಸ್ಸಿಗೆ ಗಂಗಾಶ್ರೀ ಅಳುತ್ತಲೇ ಓಡಿಬಂದಳು. ಗಂಡ ಗುಂಡುಕಲ್ಲಿನ ಹಾಗೆ ಕೂತಿದ್ದರು, ತಲೆ ತುಂಬ ಬೇಳೆ. ಎದುರಿಗೆ ಎರಡು ತಟ್ಟೆ.

“ಯಾರಿಗ್ರೀ ಇನ್ನೊಂದು? ಅವೈಜ್ಞಾನಿಕ ಅಲ್ವಾ?”

ಮೇಷ್ಟ್ರು ಎರಡನೇ ತಟ್ಟೆಯನ್ನು ಅವಳತ್ತ ಸರಿಸಿದರು. “ಆ ಸಿನಿಮಾದಾಗ ಅದೊಂದ ಖರೇ ಇತ್ತು, ಗಂಗಾ.”

ಗಂಗಾಶ್ರೀ ಕಣ್ಣೊರೆಸಿಕೊಂಡು ಎರಡನೇ ತಟ್ಟೆಯ ಮುಂದೆ ಕೂತಳು. “ಹಂಗಿದ್ರೆ ಬಡಿಸಿ. ಸಾರೆಲ್ಲಿ?”

ಮೇಷ್ಟ್ರು ತಲೆ ಎತ್ತಲಿಲ್ಲ. ಬೆರಳೊಂದನ್ನು ಮಾತ್ರ ಮೇಲಕ್ಕೆತ್ತಿ ತೋರಿಸಿದರು.